ಮ್ಯೂಸ್ ಕಣಿವೆಯ ಮೂರ್ತಿದೀಪಗಳು

ಮಧ್ಯಯುಗದ ಕೊನೆಗಾಲದಲ್ಲಿ, ಹೆಚ್ಚಾಗಿ 15ನೇ ಶತಮಾನದಲ್ಲಿ, ಇಂದಿನ ಬೆಲ್ಜಿಯಂನ ಮ್ಯೂಸ್ ನದಿಯ ದಂಡೆಯ ಊರುಗಳಲ್ಲೂ ಸುತ್ತಣ ಪಟ್ಟಣಗಳಲ್ಲೂ ಎರಕ ಹೊಯ್ದ ತೂಗುದೀಪಗಳು ಮತ್ತು ದೀಪಸ್ತಂಭಗಳೇ ಈ ಮೂರ್ತಿದೀಪಗಳು. ಎಷ್ಟೋ ತೂಗುದೀಪಗಳ ನಡುಗಂಬದಲ್ಲಿ ಬಾಲಯೇಸುವನ್ನು ಎತ್ತಿಕೊಂಡ ಮರಿಯಳೋ ಒಬ್ಬ ಸಂತನೋ ನಿಂತಿರುತ್ತಾರೆ; ಸುತ್ತ ಬಳ್ಳಿಯಂತೆ ಬಾಗಿದ ಕವಲುಗಳ ತುದಿಯಲ್ಲಿ ಮೇಣದಬತ್ತಿಗಳು. ಬತ್ತಿ ಹಚ್ಚಿದಾಗ ಮೊದಲು ಬೆಳಗುವುದು ಮೂರ್ತಿಯ ಮುಖ. ಆದ್ದರಿಂದ ಇವನ್ನು ದೀಪದ ಸಾಮಾನೆನ್ನುವುದಕ್ಕಿಂತ ನೇತುಹಾಕಿದ ಪುಟ್ಟ ಗುಡಿ ಎನ್ನುವುದೇ ಸರಿ.

ಕಂಚಿನವು ಎಂದು ಕರೆಯುವ ರೂಢಿಯಿದ್ದರೂ ಬಹುಪಾಲು ದೀಪಗಳು ಹಿತ್ತಾಳೆಯವು. ಯುರೋಪಿನ ಕುಶಲಕರ್ಮಿಗಳಿಗೆ ಆಗ ಸತುವನ್ನು ಲೋಹವಾಗಿ ಬೇರ್ಪಡಿಸಲು ಬರುತ್ತಿರಲಿಲ್ಲ. (ಅದೇ ಕಾಲಕ್ಕೆ ರಾಜಸ್ಥಾನದ ಝಾವರ್‌ನಲ್ಲಿ ಸತುವನ್ನು ಬಟ್ಟಿಯಿಳಿಸುತ್ತಿದ್ದರು.) ಯುರೋಪಿನವರು ತಾಮ್ರದ ಚೂರು, ಸತುವಿನ ಅದಿರಿನ ಪುಡಿ, ಇದ್ದಿಲು ಮೂರನ್ನೂ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು, ಆವಿಯಾದ ಸತು ತಾಮ್ರದೊಳಗೆ ಇಳಿದು ಹಿತ್ತಾಳೆಯಾಗುತ್ತಿತ್ತು. ಕವಲುಗಳನ್ನು ಬೇರೆಬೇರೆಯಾಗಿ ಎರೆದು ನಡುಗಂಬಕ್ಕೆ ಸಿಕ್ಕಿಸುತ್ತಿದ್ದುದರಿಂದ ದೀಪವನ್ನು ಬಿಚ್ಚಿ ದೂರದ ಊರಿಗೆ ಸಾಗಿಸಬಹುದಿತ್ತು. ಬುಡದಲ್ಲಿ ಹಲವೊಮ್ಮೆ ಬಳೆ ಕಚ್ಚಿದ ಸಿಂಹದ ಮುಖವಿರುತ್ತದೆ.

ಈ ಕಸುಬಿನ ತವರು ಮ್ಯೂಸ್ ದಂಡೆಯ ದಿನಾಂ ಎಂಬ ಊರು. ಲೋಹದ ಇಂಥ ಕೆಲಸಕ್ಕೆಲ್ಲ ಫ್ರೆಂಚಿನಲ್ಲಿ ‘ದಿನಾಂದ್ರಿ’ ಎಂಬ ಹೆಸರು ಬಂದದ್ದು ಈ ಊರಿನಿಂದ. 1466ರಲ್ಲಿ ಬರ್ಗಂಡಿಯ ಸೇನೆ ಊರನ್ನು ಸೂರೆಮಾಡಿ ಸುಟ್ಟಿತು. ಬದುಕುಳಿದ ಕುಶಲಕರ್ಮಿಗಳು ಬೇರೆ ಪಟ್ಟಣಗಳಿಗೆ ಚದುರಿದರು, ಕಸುಬೂ ಅವರ ಜೊತೆಗೆ ಹೋಯಿತು. ದೀಪಗಳು ಚರ್ಚುಗಳಿಗಷ್ಟೇ ಸೀಮಿತವಾಗಿರಲಿಲ್ಲ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ವರ್ತಕನ ಮನೆಯ ಹಿತ್ತಾಳೆ ತೂಗುದೀಪವಿದೆ. ಅದರಲ್ಲಿ ಮೂರ್ತಿಯಿಲ್ಲ.

ಇಂದಿಗೂ ಉಳಿದಿರುವ ದೀಪಗಳಲ್ಲಿ ಅತಿ ಭವ್ಯವಾದದ್ದು ಬೆಲ್ಜಿಯಂನ ಜೌಟ್‌ಲೇವ್ ಊರಿನ ಸಂತ ಲಿಯೊನಾರ್ಡ್ ಚರ್ಚಿನ ಈಸ್ಟರ್ ದೀಪಸ್ತಂಭ. ರೆನಿಯರ್ ವಾನ್ ಟೀನೆನ್ 1483ರ ಹೊತ್ತಿಗೆ ಇದನ್ನು ಎರೆದ. ಐದೂವರೆ ಮೀಟರಿಗೂ ಮಿಕ್ಕಿದ ಎತ್ತರ. ಮೇಲೆ ಶಿಲುಬೆಗೇರಿದ ಕ್ರಿಸ್ತ, ಜೊತೆಗೆ ಶೋಕದಲ್ಲಿ ನಿಂತ ಮರಿಯ ಮತ್ತು ಯೋಹಾನ. 1566ರಲ್ಲಿ ಪ್ರಾಟೆಸ್ಟೆಂಟರು ಚರ್ಚುಗಳಲ್ಲಿ ನಡೆಸಿದ ಮೂರ್ತಿಭಂಜನೆಯಿಂದ ಈ ಚರ್ಚು ಪಾರಾದದ್ದು ದೊಡ್ಡ ಭಾಗ್ಯ. ಪ್ರಾಟೆಸ್ಟೆಂಟ್ ನೆದರ್ಲೆಂಡ್ಸ್‌ನಲ್ಲಿ ಮುಂದೆ ಮಾಡಿದ ತೂಗುದೀಪಗಳಲ್ಲಿ ಮರಿಯಳ ಜಾಗಕ್ಕೆ ನುಣುಪಾದ ಹಿತ್ತಾಳೆಯ ಗುಂಡು ಬಂತು. ಬೆಳಕನ್ನು ಅದು ಚೆನ್ನಾಗಿಯೇ ಪ್ರತಿಫಲಿಸುತ್ತದೆ, ಮುಖ ಮಾತ್ರ ಇಲ್ಲ.

ಇಂಥ ಮೂರ್ತಿದೀಪ ಇಂಗ್ಲೆಂಡಿನಲ್ಲೂ ಇದೆ. ಅಲ್ಲಿನ ಬ್ರಿಸ್ಟಲ್‌ನ ಟೆಂಪಲ್ ಚರ್ಚಿನಲ್ಲಿದ್ದ 15ನೇ ಶತಮಾನದ ತೂಗುದೀಪದಲ್ಲಿ ಮೇಲೆ ಮರಿಯ ಮತ್ತು ಮಗು, ಕೆಳಗೆ ಡ್ರ್ಯಾಗನ್ನನ್ನು ಕೊಲ್ಲುತ್ತಿರುವ ಸಂತ ಜಾರ್ಜ್. 1940ರ ಬಾಂಬ್ ದಾಳಿಗೆ ಚರ್ಚು ಸುಟ್ಟು ಬರಿಗೋಡೆಯಾಯಿತು. ದೀಪ ಉಳಿಯಿತು, ಈಗ ಅದು ಬ್ರಿಸ್ಟಲ್ ಕ್ಯಾಥೆಡ್ರಲ್‌ನಲ್ಲಿದೆ.