ನೋವಿಲ್ಲದ ಕಾಮಾಲೆ

ಕಾಮಾಲೆಯಲ್ಲಿ ಪಿತ್ತಕೋಶ ಊದಿ ಕೈಗೆ ಸಿಕ್ಕರೆ ಕಾರಣ ಕಲ್ಲಾಗಿರುವುದು ಅಪರೂಪವೆಂದು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೂರ್ವಾಸಿಯೇ 1890ರಲ್ಲೇ ಬರೆದಿದ್ದರು. ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡಗಿದೆ. ಅಲ್ಲಿನ ಗಡ್ಡೆ ಕಾಣಲು ಹಿಂದೆ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. 1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಸ್ಕ್ಯಾನ್ ಬಂತು, ಮೊದಲು ತಲೆಗೆ, ಆಮೇಲೆ ಹೊಟ್ಟೆಗೆ.

ನಮ್ಮ ತಿಪಟೂರು, ತುರುವೇಕೆರೆ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ನಮ್ಮ ಸೋದರತ್ತೆ "ನೋವೇ ಇಲ್ಲ, ಡಾಕ್ಟರು ಯಾಕಮ್ಮ?" ಎಂದು ಎರಡು ತಿಂಗಳು ಅದನ್ನೇ ಕುಡಿದರು. ಆ ನೋವಿಲ್ಲದ ಕಾಮಾಲೆಗೇ ವೈದ್ಯರು ಹೆಚ್ಚು ಹೆದರುವುದು! ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಡ್ಡೆ ಯಕೃತ್ತಿಗೆ ಹಬ್ಬಿತ್ತು.

ಸಿ.ಎ. 19-9 ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಬರೀ ಕಾಮಾಲೆಯಿಂದಲೂ ಅದು ಏರುತ್ತದೆ. ಈಗ ಬಾಯಿಂದ ಇಳಿಸುವ ನಳಿಕೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಅದರಲ್ಲಿ ನೋಡುತ್ತ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುತ್ತಾರೆ.