ಒನುಕುಡೆಲ್ಲಿ

ಒನುಕುಡೆಲ್ಲಿ (ಒಂಕಾಡೆಲ್ಲಿ ಎಂಬ ಉಚ್ಚಾರಣೆಯೂ ಬಳಕೆಯಲ್ಲಿದೆ) ಪೂರ್ವ ಭಾರತದ ಒಡಿಶಾ ರಾಜ್ಯದ ಕೋರಾಪುಟ್ ಜಿಲ್ಲೆಯಲ್ಲಿರುವ ಒಂದು ಸಣ್ಣ ಸಂತೆಯೂರು. ಇದು ಲಮತಾಪುಟ್ ಬ್ಲಾಕಿಗೆ ಸೇರಿದ್ದು, ಆಂಧ್ರ ಪ್ರದೇಶದ ಗಡಿಗೆ ಸಮೀಪದಲ್ಲಿ, ಮಾಚ್ಕುಂಡ್ ನದಿಯ ಕಣಿವೆಯ ಬಳಿ ಇದೆ. ಮಾಚ್ಕುಂಡ್ ಜಲವಿದ್ಯುತ್ ಯೋಜನೆ ಹಾಗೂ ಪ್ರತಿ ಗುರುವಾರ ಸೇರುವ ವಾರದ ಸಂತೆಯಿಂದಾಗಿ ಈ ಊರು ಹೆಸರಾಗಿದೆ. ಸುತ್ತಲಿನ ಬೆಟ್ಟಗಳಲ್ಲಿ ವಾಸಿಸುವ ಬೊಂಡಾ, ಗದಬ, ಪರಜ ಮೊದಲಾದ ಬುಡಕಟ್ಟು ಸಮುದಾಯಗಳ ಜನರು ತಮ್ಮ ಬೆಳೆ ಮತ್ತು ಅರಣ್ಯ ಉತ್ಪನ್ನಗಳನ್ನು ಮಾರಿ, ಮನೆಗೆ ಬೇಕಾದ ಉಪ್ಪು, ಎಣ್ಣೆ, ಬಟ್ಟೆಗಳನ್ನು ಕೊಳ್ಳುವುದು ಈ ಸಂತೆಯಲ್ಲಿಯೇ. ಬೊಂಡಾ ಮಹಿಳೆಯರ ವಿಶಿಷ್ಟ ಉಡುಗೆ ತೊಡುಗೆಗಳ ಕಾರಣದಿಂದ ಈ ಸಂತೆಯು ದೇಶ ವಿದೇಶಗಳ ಪ್ರವಾಸಿಗರನ್ನು ಆಕರ್ಷಿಸಿದ್ದು, ಪ್ರವಾಸೋದ್ಯಮ ಮತ್ತು ಬುಡಕಟ್ಟು ಜನರ ಘನತೆಯನ್ನು ಕುರಿತ ಚರ್ಚೆಗೂ ವಿಷಯವಾಗಿದೆ.

ಭೌಗೋಳಿಕ ಹಿನ್ನೆಲೆ

ಕೋರಾಪುಟ್ ಜಿಲ್ಲೆಯು ಪೂರ್ವ ಘಟ್ಟಗಳ ಪ್ರಸ್ಥಭೂಮಿಯ ಮೇಲೆ ಹರಡಿಕೊಂಡಿದೆ. ಒಡಿಶಾದ ಅತಿ ಎತ್ತರದ ಶಿಖರವಾದ ದೇವಮಾಲಿ (1,672 ಮೀಟರ್) ಇದೇ ಜಿಲ್ಲೆಯಲ್ಲಿದೆ. ಒನುಕುಡೆಲ್ಲಿಯ ಸಮೀಪ ಹರಿಯುವ ಮಾಚ್ಕುಂಡ್ ನದಿಯು ಸ್ವಲ್ಪ ದೂರದವರೆಗೆ ಒಡಿಶಾ ಮತ್ತು ಆಂಧ್ರ ಪ್ರದೇಶಗಳ ಗಡಿಯಾಗಿದ್ದು, ಕೆಳಹರಿವಿನಲ್ಲಿ ಸಿಲೇರು ಎಂಬ ಹೆಸರನ್ನು ಪಡೆಯುತ್ತದೆ. ಮುಂದೆ ಇದು ಶಬರಿ ನದಿಯ ಮೂಲಕ ಗೋದಾವರಿಯನ್ನು ಸೇರುತ್ತದೆ. ಊರಿನ ಸಮೀಪದಲ್ಲಿ ಈ ನದಿಯು ಡುಡುಮಾ ಜಲಪಾತವಾಗಿ ಆಳವಾದ ಕಮರಿಗೆ ಧುಮುಕುತ್ತದೆ.

ಇಲ್ಲಿನ ಜನರ ಮುಖ್ಯ ಕಸುಬು ಮಳೆಯಾಶ್ರಿತ ಬೇಸಾಯ. ಕಣಿವೆಯ ಮೆಟ್ಟಿಲು ಗದ್ದೆಗಳಲ್ಲಿ ಭತ್ತವನ್ನೂ, ಇಳಿಜಾರುಗಳಲ್ಲಿ ರಾಗಿ, ಸಾಮೆ, ಹುಚ್ಚೆಳ್ಳು ಮತ್ತು ದ್ವಿದಳ ಧಾನ್ಯಗಳನ್ನೂ ಬೆಳೆಯುತ್ತಾರೆ. ಸ್ಥಳೀಯವಾಗಿ ರಾಗಿಗೆ ಮಂಡಿಯಾ ಎಂದು ಹೆಸರು. ಕರ್ನಾಟಕದ ರಾಗಿ ಅಂಬಲಿಯನ್ನು ಹೋಲುವ ಮಂಡಿಯಾ ಪೇಜ್ ಇಲ್ಲಿನ ದಿನನಿತ್ಯದ ಆಹಾರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2012ರಲ್ಲಿ ಕೋರಾಪುಟ್‌ನ ಸಾಂಪ್ರದಾಯಿಕ ಕೃಷಿ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು.

ಇತಿಹಾಸ

ಈ ಪ್ರದೇಶವು ಹಿಂದೆ ನಂದಾಪುರವನ್ನು, ಆ ಬಳಿಕ ಜೇಪುರವನ್ನು ರಾಜಧಾನಿಯಾಗಿ ಹೊಂದಿದ್ದ ಅರಸರ ಆಳ್ವಿಕೆಯಲ್ಲಿತ್ತು (ಒಡಿಶಾದ ಈ ಜೇಪುರವು ರಾಜಸ್ಥಾನದ ಜೈಪುರಕ್ಕಿಂತ ಬೇರೆ). ಬ್ರಿಟಿಷರ ಕಾಲದಲ್ಲಿ ಜೇಪುರವು ಮದರಾಸು ಪ್ರಾಂತ್ಯದ ಒಂದು ಜಮೀನ್ದಾರಿಯಾಗಿತ್ತು. 1936ರ ಏಪ್ರಿಲ್ 1ರಂದು ಒಡಿಶಾ ಪ್ರತ್ಯೇಕ ಪ್ರಾಂತ್ಯವಾದಾಗ ಕೋರಾಪುಟ್ ಅದರ ಒಂದು ಜಿಲ್ಲೆಯಾಯಿತು. 1992ರಲ್ಲಿ ಈ ದೊಡ್ಡ ಜಿಲ್ಲೆಯನ್ನು ವಿಭಜಿಸಿದಾಗ ಬೊಂಡಾ ಬೆಟ್ಟಗಳು ಹೊಸ ಮಲ್ಕಾನ್‌ಗಿರಿ ಜಿಲ್ಲೆಗೆ ಸೇರಿದವು, ಒನುಕುಡೆಲ್ಲಿ ಕೋರಾಪುಟ್‌ನಲ್ಲಿಯೇ ಉಳಿಯಿತು. ಹೀಗಾಗಿ ಸಂತೆಗೆ ಬರುವ ಬೊಂಡಾ ಜನರು ಇಂದು ಜಿಲ್ಲೆಯ ಗಡಿಯನ್ನು ದಾಟಿಯೇ ಬರುತ್ತಾರೆ.

ಊರಿನ ಆಧುನಿಕ ರೂಪಕ್ಕೆ ಕಾರಣವಾದುದು ಡುಡುಮಾ ಜಲಪಾತದ ಇಳಿತವನ್ನು ಬಳಸಿಕೊಂಡು ನಿರ್ಮಿಸಿದ ಮಾಚ್ಕುಂಡ್ ಜಲವಿದ್ಯುತ್ ಯೋಜನೆ. ಅಂದಿನ ಮದರಾಸು ಮತ್ತು ಒಡಿಶಾ ಸರ್ಕಾರಗಳು ಜಂಟಿಯಾಗಿ ಕೈಗೊಂಡ ಈ ಯೋಜನೆಯು 1955ರಲ್ಲಿ ವಿದ್ಯುತ್ ಉತ್ಪಾದನೆಯನ್ನು ಆರಂಭಿಸಿತು. ಇಂದು ಇದು ಆಂಧ್ರ ಪ್ರದೇಶ ಮತ್ತು ಒಡಿಶಾಗಳ ಜಂಟಿ ಯೋಜನೆಯಾಗಿದೆ. ಇದಕ್ಕಾಗಿ ಮೇಲ್ಭಾಗದ ಜಲಾಪುಟ್ ಎಂಬಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿ, ಬುಡಕಟ್ಟು ಕುಟುಂಬಗಳು ಸ್ಥಳಾಂತರಗೊಂಡವು. ಯೋಜನೆಯ ಜೊತೆಗೆ ರಸ್ತೆ, ವಸತಿಗೃಹಗಳು ಮತ್ತು ಅಂಗಡಿಗಳು ಬಂದವು.

ಜನರು ಮತ್ತು ಭಾಷೆಗಳು

ಒನುಕುಡೆಲ್ಲಿಯ ಸಂತೆಯಲ್ಲಿ ಮೂರು ಭಾಷಾ ಕುಟುಂಬಗಳಿಗೆ ಸೇರಿದ ನುಡಿಗಳು ಕೇಳಿಬರುತ್ತವೆ. ಬೊಂಡಾ ಜನರ ರೆಮೋ ಮತ್ತು ಗದಬರ ಗುತೋಬ್ ಭಾಷೆಗಳು ಆಸ್ಟ್ರೋ ಏಷ್ಯಾಟಿಕ್ ಕುಟುಂಬದ ಮುಂಡಾ ಶಾಖೆಗೆ ಸೇರಿದ್ದು, ಪರಸ್ಪರ ನಿಕಟ ಸಂಬಂಧ ಹೊಂದಿವೆ. ಗದಬರಲ್ಲಿಯೇ ಇನ್ನೊಂದು ಗುಂಪಿನವರು ಆಡುವ ಒಲ್ಲಾರಿ ಭಾಷೆಯು ದ್ರಾವಿಡ ಕುಟುಂಬದ್ದು. ಕನ್ನಡವು ದಕ್ಷಿಣ ದ್ರಾವಿಡ ಭಾಷೆಯಾದರೆ, ಒಲ್ಲಾರಿಯು ಪರ್ಜಿ, ಕೊಲಾಮಿ ಭಾಷೆಗಳೊಂದಿಗೆ ಮಧ್ಯ ದ್ರಾವಿಡ ಭಾಷೆಗಳ ಗುಂಪಿಗೆ ಸೇರುತ್ತದೆ. ಒಂದೇ ಹೆಸರಿನ ಸಮುದಾಯದೊಳಗೆ ಎರಡು ಬೇರೆ ಕುಟುಂಬಗಳ ಭಾಷೆಗಳಿರುವುದು ಭಾಷಾಶಾಸ್ತ್ರಜ್ಞರ ಗಮನ ಸೆಳೆದಿದೆ. ಇವರೆಲ್ಲರೂ ಪರಸ್ಪರ ವ್ಯವಹರಿಸಲು ಬಳಸುವುದು ದೇಸಿಯಾ ಎಂಬ ಒಡಿಯಾದ ಸ್ಥಳೀಯ ರೂಪವನ್ನು. ಇದು ಇಂಡೋ ಆರ್ಯನ್ ಕುಟುಂಬದ ನುಡಿ. ಗಡಿಯ ಆಚೆಯಿಂದ ಬರುವ ವ್ಯಾಪಾರಿಗಳ ಮೂಲಕ ತೆಲುಗು ಸಹ ಬಳಕೆಯಲ್ಲಿದೆ.

ಬೊಂಡಾ ಸಮುದಾಯವು ಮಲ್ಕಾನ್‌ಗಿರಿ ಜಿಲ್ಲೆಯ ಖೈರ್‌ಪುಟ್ ಬ್ಲಾಕಿನ ಬೆಟ್ಟಗಳಲ್ಲಿ ಕೇಂದ್ರೀಕೃತವಾಗಿದೆ. 2011ರ ಜನಗಣತಿಯ ಪ್ರಕಾರ ಇವರ ಸಂಖ್ಯೆ ಸುಮಾರು 12 ಸಾವಿರ. ಕೇಂದ್ರ ಸರ್ಕಾರವು ಇವರನ್ನು ‘ವಿಶೇಷವಾಗಿ ದುರ್ಬಲ ಬುಡಕಟ್ಟು ಸಮೂಹ’ಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದ ಜೇನುಕುರುಬ ಮತ್ತು ಕೊರಗ ಸಮುದಾಯಗಳೂ ಇದೇ ಪಟ್ಟಿಯಲ್ಲಿವೆ. ಬೊಂಡಾ ಜನರ ಅಭಿವೃದ್ಧಿಗಾಗಿ ಮುದುಲಿಪಡಾ ಗ್ರಾಮದಲ್ಲಿ 1970ರ ದಶಕದಿಂದ ಪ್ರತ್ಯೇಕ ಸರ್ಕಾರಿ ಸಂಸ್ಥೆಯೊಂದು ಕೆಲಸ ಮಾಡುತ್ತಿದೆ.

ಸಾಂಪ್ರದಾಯಿಕವಾಗಿ ಬೊಂಡಾ ಮಹಿಳೆಯರು ತಲೆ ಬೋಳಿಸಿಕೊಂಡು, ಅದರ ಸುತ್ತ ಮಣಿಗಳ ಪಟ್ಟಿಯನ್ನು ಧರಿಸುತ್ತಾರೆ. ಕೊರಳಿಗೆ ಲೋಹದ ಬಳೆಗಳನ್ನೂ, ಎದೆಯನ್ನು ಮುಚ್ಚುವಷ್ಟು ದಟ್ಟವಾದ ಮಣಿಸರಗಳನ್ನೂ ತೊಡುತ್ತಾರೆ. ಸೊಂಟಕ್ಕೆ ಸುತ್ತುವ ಗಿಡ್ಡ ಬಟ್ಟೆಗೆ ರಿಂಗಾ ಎಂದು ಹೆಸರು. ಹಿಂದೆ ಇದನ್ನು ಕೆರಂಗ್ ಎಂಬ ಸಸ್ಯದ ನಾರಿನಿಂದ ಮಹಿಳೆಯರೇ ನೇಯುತ್ತಿದ್ದರು. ಸ್ನಾನ ಮಾಡುತ್ತಿದ್ದ ಸೀತೆಯನ್ನು ನೋಡಿ ನಕ್ಕ ಕಾರಣ ಆಕೆಯಿಂದ ಶಾಪ ಪಡೆದರೆಂಬ ಐತಿಹ್ಯವು ಈ ಉಡುಗೆಯ ಕುರಿತು ಪ್ರಚಲಿತವಾಗಿದೆ. ಇಂದು ಕಿರಿಯ ತಲೆಮಾರಿನ ಅನೇಕರು ಸೀರೆ ಮತ್ತು ಇತರ ಉಡುಪುಗಳನ್ನು ಧರಿಸುತ್ತಾರೆ.

ಗುರುವಾರದ ಸಂತೆ

ಕೋರಾಪುಟ್ ಪ್ರದೇಶದಲ್ಲಿ ವಾರದ ಸಂತೆಗೆ ಹಾಟ್ ಎನ್ನುತ್ತಾರೆ. ಒಂದೊಂದು ಊರಿಗೆ ಒಂದೊಂದು ದಿನ ನಿಗದಿಯಾಗಿದ್ದು, ವ್ಯಾಪಾರಿಗಳು ವಾರವಿಡೀ ಸಂತೆಯಿಂದ ಸಂತೆಗೆ ಸಂಚರಿಸುತ್ತಾರೆ. ಒನುಕುಡೆಲ್ಲಿಯ ಸರದಿ ಗುರುವಾರ. ಬೆಟ್ಟದ ಹಳ್ಳಿಗಳ ಜನರು ತಲೆಹೊರೆ ಹೊತ್ತು ಇಲ್ಲವೇ ಅಡ್ಡೆಯನ್ನು ಹೆಗಲಿಗೇರಿಸಿಕೊಂಡು ಕಾಲುದಾರಿಯಲ್ಲಿ ಇಳಿದು ಬರುವುದು ಹಿಂದಿನಿಂದಲೂ ಇರುವ ರೂಢಿ. ರಸ್ತೆಗಳು ಆದ ಬಳಿಕ ಜೀಪು ಮತ್ತು ಆಟೋಗಳಲ್ಲಿ ಬರುವವರೂ ಇದ್ದಾರೆ.

ಬುಡಕಟ್ಟು ಜನರು ಮಾರಾಟಕ್ಕೆ ತರುವ ವಸ್ತುಗಳಲ್ಲಿ ರಾಗಿ ಮತ್ತಿತರ ಧಾನ್ಯಗಳು, ತರಕಾರಿ, ಹುಣಸೆಹಣ್ಣು, ಹಿಪ್ಪೆ ಹೂವು, ಪೊರಕೆಹುಲ್ಲು, ಎಲೆಗಳು, ಬಿದಿರಿನ ಬುಟ್ಟಿಗಳು ಮತ್ತು ಕೋಳಿಗಳು ಮುಖ್ಯವಾದವು. ಅವರು ಕೊಳ್ಳುವ ಪಟ್ಟಿಯಲ್ಲಿ ಉಪ್ಪು, ಒಣಮೀನು, ಎಣ್ಣೆ, ಈರುಳ್ಳಿ, ತಂಬಾಕು, ಬಟ್ಟೆ, ಅಲ್ಯೂಮಿನಿಯಂ ಪಾತ್ರೆಗಳು ಹಾಗೂ ಆಭರಣಗಳಿಗೆ ಬೇಕಾದ ಮಣಿಗಳು ಇರುತ್ತವೆ. ಧಾನ್ಯ ಕೊಟ್ಟು ಉಪ್ಪು ಅಥವಾ ಒಣಮೀನು ಪಡೆಯುವ ವಿನಿಮಯ ಪದ್ಧತಿಯು ಹಿಂದೆ ವ್ಯಾಪಕವಾಗಿತ್ತು. ಈಗ ಬಹುಪಾಲು ವ್ಯವಹಾರ ಹಣದಲ್ಲಿಯೇ ನಡೆಯುತ್ತದೆ.

ಸಂತೆಯ ಅಂಚಿನಲ್ಲಿ ಮನೆಯಲ್ಲಿಯೇ ತಯಾರಿಸಿದ ಪಾನೀಯಗಳ ಮಾರಾಟವೂ ಉಂಟು. ಹಿಪ್ಪೆ ಹೂವಿನಿಂದ ಬಟ್ಟಿ ಇಳಿಸಿದ ಮದ್ಯ, ಧಾನ್ಯವನ್ನು ಹುದುಗಿಸಿದ ಲಂಡಾ ಹಾಗೂ ಸಲಪ್ ಮರದ ಹೆಂಡ ಇವುಗಳಲ್ಲಿ ಪ್ರಮುಖ. ಸಲಪ್ ಎಂಬುದು ಕರ್ನಾಟಕದ ಮಲೆನಾಡಿನಲ್ಲಿ ಬೈನೆ ಅಥವಾ ಬಗನಿ ಎಂದು ಕರೆಯುವ ಮರವೇ ಆಗಿದೆ.

ಸಂತೆಯು ಕೇವಲ ವ್ಯಾಪಾರದ ಸ್ಥಳವಲ್ಲ. ದೂರದ ಹಳ್ಳಿಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನವರನ್ನು ಕಾಣುವುದು, ಸಂಬಂಧ ಕುದುರಿಸುವುದು, ಹಬ್ಬ ಮತ್ತು ಸಾವಿನ ಸುದ್ದಿಗಳನ್ನು ತಲುಪಿಸುವುದು ಮುಂತಾದ ಸಾಮಾಜಿಕ ವ್ಯವಹಾರಗಳೂ ಇಂತಹ ಸಂತೆಗಳಲ್ಲಿ ನಡೆಯುತ್ತವೆ.

ಅಸಮಾನ ವ್ಯವಹಾರ ಮತ್ತು ಕಾನೂನು

ಕೋರಾಪುಟ್‌ನ ಸಂತೆಗಳಲ್ಲಿ ಬೆಟ್ಟದ ಜನರು ಮತ್ತು ಬಯಲಿನ ವ್ಯಾಪಾರಿಗಳ ನಡುವಿನ ಸಂಬಂಧವು ಬಹುಕಾಲ ಅಸಮಾನವಾಗಿಯೇ ಇತ್ತು. ತಂದ ಸರಕನ್ನು ಸಂಜೆಯೊಳಗೆ ಮಾರಲೇಬೇಕಾದ ಅನಿವಾರ್ಯತೆ, ಅಳತೆ ಮತ್ತು ಲೆಕ್ಕದ ಅರಿವಿನ ಕೊರತೆ, ಮುಂಗಡ ಸಾಲ ಇವು ಉತ್ಪಾದಕರನ್ನು ಅಗ್ಗದ ಬೆಲೆಗೆ ಒಪ್ಪುವಂತೆ ಮಾಡುತ್ತಿದ್ದವು. ಸಾಲ ತೀರಿಸಲಾಗದವರು ಸಾಲಿಗನ ಬಳಿ ದುಡಿಯಬೇಕಾಗಿದ್ದ ಗೋತಿ ಎಂಬ ಜೀತ ಪದ್ಧತಿಯು ಈ ಪ್ರದೇಶದಲ್ಲಿ ರೂಢಿಯಲ್ಲಿತ್ತು. ಒಡಿಶಾ ಸರ್ಕಾರವು 1948ರಲ್ಲಿ ಇದರ ವಿರುದ್ಧ ನಿಯಮವನ್ನು ಜಾರಿಗೆ ತಂದಿತು. 1976ರಲ್ಲಿ ದೇಶದಾದ್ಯಂತ ಜೀತ ಪದ್ಧತಿ ನಿಷೇಧ ಕಾಯಿದೆ ಬಂದಿತು. ಕೋರಾಪುಟ್‌ನಲ್ಲಿ ಆಡಳಿತಾಧಿಕಾರಿಯಾಗಿದ್ದ, 1973ರ ಜ್ಞಾನಪೀಠ ಪ್ರಶಸ್ತಿ ಪುರಸ್ಕೃತ ಲೇಖಕ ಗೋಪೀನಾಥ ಮೊಹಾಂತಿ ಅವರ ‘ಪರಜಾ’ (1945) ಕಾದಂಬರಿಯು ಸಾಲ ಮತ್ತು ಜೀತದಲ್ಲಿ ಸಿಲುಕಿದ ಇಲ್ಲಿನ ಒಂದು ಕುಟುಂಬದ ಕಥೆಯನ್ನು ಹೇಳುತ್ತದೆ.

ಕೋರಾಪುಟ್ ಮತ್ತು ಮಲ್ಕಾನ್‌ಗಿರಿ ಜಿಲ್ಲೆಗಳು ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟ ಪರಿಶಿಷ್ಟ ಪ್ರದೇಶಗಳಾಗಿವೆ. ಇಂತಹ ಪ್ರದೇಶಗಳಿಗಾಗಿ 1996ರಲ್ಲಿ ರೂಪಿಸಿದ, ಪೆಸಾ ಎಂದು ಕರೆಯಲಾಗುವ ಪಂಚಾಯಿತಿ ವಿಸ್ತರಣಾ ಕಾಯಿದೆಯು ಗ್ರಾಮದ ಸಂತೆಗಳನ್ನು ನಿರ್ವಹಿಸುವ ಮತ್ತು ಪರಿಶಿಷ್ಟ ಬುಡಕಟ್ಟುಗಳಿಗೆ ನೀಡುವ ಸಾಲದ ಮೇಲೆ ನಿಯಂತ್ರಣ ಹೊಂದುವ ಅಧಿಕಾರಗಳನ್ನು ಗ್ರಾಮಸಭೆ ಹಾಗೂ ಪಂಚಾಯಿತಿಗಳಿಗೆ ನೀಡಬೇಕೆಂದು ವಿಧಿಸುತ್ತದೆ. 2013–14ರಲ್ಲಿ ಕೇಂದ್ರ ಸರ್ಕಾರವು ಆಯ್ದ ಕಿರು ಅರಣ್ಯ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನು ಘೋಷಿಸುವ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಆರಂಭವಾದ ಒಡಿಶಾ ಸಿರಿಧಾನ್ಯ ಅಭಿಯಾನದ ಮೂಲಕ ರಾಗಿಯನ್ನು ಬೆಂಬಲ ಬೆಲೆಗೆ ಖರೀದಿಸುವ ವ್ಯವಸ್ಥೆಯೂ ಬಂದಿದ್ದು, ರೈತರಿಗೆ ಸಂತೆಯ ಹೊರಗೆ ಇನ್ನೊಂದು ಮಾರುಕಟ್ಟೆ ದೊರೆತಿದೆ.

ಪ್ರವಾಸೋದ್ಯಮ ಮತ್ತು ವಿವಾದ

ವೆರಿಯರ್ ಎಲ್ವಿನ್ ಅವರು 1950ರಲ್ಲಿ ಪ್ರಕಟಿಸಿದ ‘ಬೊಂಡೊ ಹೈಲ್ಯಾಂಡರ್’ ಗ್ರಂಥವು ಬೊಂಡಾ ಜನರನ್ನು ಹೊರಜಗತ್ತಿಗೆ ಪರಿಚಯಿಸಿದ ಪ್ರಮುಖ ಕೃತಿ. ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮೆನ್‌ಡಾರ್ಫ್ ಅವರೂ 1940ರ ದಶಕದಲ್ಲಿ ಗದಬ ಮತ್ತು ಬೊಂಡಾ ಜನರ ಶಿಲಾ ಸ್ಮಾರಕ ಆಚರಣೆಗಳನ್ನು ಕುರಿತು ಬರೆದರು. ಮುಂದೆ ಪ್ರವಾಸಿ ಸಂಸ್ಥೆಗಳು ‘ಬುಡಕಟ್ಟು ಪ್ರವಾಸ’ಗಳನ್ನು ಏರ್ಪಡಿಸತೊಡಗಿದಾಗ, ಬೆಟ್ಟದ ಹಳ್ಳಿಗಳಿಗೆ ಹೋಗದೆಯೇ ಬೊಂಡಾ ಜನರನ್ನು ನೋಡಬಹುದಾದ ಸ್ಥಳವೆಂದು ಒನುಕುಡೆಲ್ಲಿಯ ಸಂತೆಯು ಪ್ರಸಿದ್ಧವಾಯಿತು.

ವ್ಯಾಪಾರಕ್ಕೆ ಬಂದ ಮಹಿಳೆಯರ ಛಾಯಾಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು, ಹಣದ ಆಮಿಷ ಒಡ್ಡಿ ನಿಲ್ಲಿಸುವುದು ಟೀಕೆಗೆ ಗುರಿಯಾಯಿತು. 2012ರ ಜನವರಿಯಲ್ಲಿ ಅಂಡಮಾನಿನ ಜರಾವಾ ಮಹಿಳೆಯರನ್ನು ಪ್ರವಾಸಿಗರ ಮುಂದೆ ಕುಣಿಸಿದ ದೃಶ್ಯಗಳು ಬಹಿರಂಗವಾದಾಗ ಈ ವಿಷಯವು ರಾಷ್ಟ್ರಮಟ್ಟದಲ್ಲಿ ಚರ್ಚೆಗೆ ಬಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಒಡಿಶಾದ ಕಂಧಮಾಲ್ ಪ್ರದೇಶದಲ್ಲಿ ಮಾವೋವಾದಿಗಳು ಇಟಲಿಯ ಇಬ್ಬರು ಪ್ರಜೆಗಳನ್ನು ಅಪಹರಿಸಿದರು. ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರವು ದುರ್ಬಲ ಬುಡಕಟ್ಟು ಸಮೂಹಗಳ ವಾಸಸ್ಥಳಗಳಿಗೆ ಪ್ರವಾಸಿಗರ ಭೇಟಿ ಹಾಗೂ ಅವರ ಛಾಯಾಗ್ರಹಣದ ಮೇಲೆ ನಿರ್ಬಂಧಗಳನ್ನು ವಿಧಿಸಿತು.

ನಿರ್ಬಂಧಗಳನ್ನು ಸಮರ್ಥಿಸುವವರು ಬುಡಕಟ್ಟು ಜನರು ಪ್ರದರ್ಶನದ ವಸ್ತುಗಳಲ್ಲವೆಂದು ವಾದಿಸುತ್ತಾರೆ. ಮಣಿಸರ ಮತ್ತು ಕೈಮಗ್ಗದ ಬಟ್ಟೆಗಳ ಮಾರಾಟದಿಂದ ಬರುತ್ತಿದ್ದ ಆದಾಯಕ್ಕೆ ಪೆಟ್ಟು ಬೀಳುತ್ತದೆಂಬುದು ಇನ್ನೊಂದು ಪಕ್ಷದ ವಾದ. ಯಾರಿಗೆ, ಎಷ್ಟರಮಟ್ಟಿಗೆ ಪ್ರವೇಶ ನೀಡಬೇಕೆಂಬುದನ್ನು ಆಯಾ ಸಮುದಾಯವೇ ತೀರ್ಮಾನಿಸಬೇಕೆಂಬ ಅಭಿಪ್ರಾಯವೂ ಇದೆ.

ಭೇಟಿ

ಕೋರಾಪುಟ್ ಮತ್ತು ಜೇಪುರ ಈ ಭಾಗದ ಮುಖ್ಯ ಪಟ್ಟಣಗಳಾಗಿದ್ದು, ಅಲ್ಲಿಂದ ಒನುಕುಡೆಲ್ಲಿಗೆ ರಸ್ತೆ ಸಂಪರ್ಕವಿದೆ. ಈ ಎರಡೂ ಪಟ್ಟಣಗಳು ವಿಶಾಖಪಟ್ಟಣದ ಕಡೆಯ ಕೊತ್ತವಲಸದಿಂದ ಛತ್ತೀಸ್‌ಗಢದ ಕಿರಂದುಲ್‌ಗೆ ಹೋಗುವ ರೈಲುಮಾರ್ಗದಲ್ಲಿವೆ. ಬೈಲಾಡಿಲಾದ ಕಬ್ಬಿಣದ ಅದಿರನ್ನು ಬಂದರಿಗೆ ಸಾಗಿಸಲು 1960ರ ದಶಕದಲ್ಲಿ ನಿರ್ಮಿಸಿದ ಮಾರ್ಗವಿದು. ಭುವನೇಶ್ವರದಿಂದ ಹೀರಾಖಂಡ್ ಎಕ್ಸ್‌ಪ್ರೆಸ್ ರೈಲು ಕೋರಾಪುಟ್ ಮಾರ್ಗವಾಗಿ ಜಗದಲ್‌ಪುರಕ್ಕೆ ಸಂಚರಿಸುತ್ತದೆ.

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ಭೇಟಿಗೆ ಅನುಕೂಲಕರ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಪ್ರಯಾಣ ಕಷ್ಟ. ಸಂದರ್ಶಕರು ಜಾರಿಯಲ್ಲಿರುವ ನಿಯಮಗಳನ್ನು ಜಿಲ್ಲಾಡಳಿತದಿಂದ ಮುಂಚಿತವಾಗಿ ತಿಳಿದುಕೊಳ್ಳಬೇಕಾಗುತ್ತದೆ. ಗುರುವಾರ ಹೊರತುಪಡಿಸಿ ಉಳಿದ ದಿನಗಳಲ್ಲಿ ಸಂತೆ ಸೇರುವುದಿಲ್ಲ.

ಸಮೀಪದ ಸ್ಥಳಗಳು

ಡುಡುಮಾ ಜಲಪಾತ: ಮಾಚ್ಕುಂಡ್ ನದಿಯ ಜಲಪಾತ. ಆಂಧ್ರ ಪ್ರದೇಶದ ಗಡಿಯಲ್ಲಿದೆ.

ಜಲಾಪುಟ್ ಜಲಾಶಯ: ಮಾಚ್ಕುಂಡ್ ಯೋಜನೆಯ ನೀರಿನ ಸಂಗ್ರಹ.

ನಂದಾಪುರ: ಜೇಪುರ ಅರಸರ ಹಿಂದಿನ ರಾಜಧಾನಿ.

ಕೋರಾಪುಟ್: ಜಿಲ್ಲಾ ಕೇಂದ್ರ. ಶಬರ ಶ್ರೀಕ್ಷೇತ್ರ ಎಂದು ಕರೆಯಲಾಗುವ ಜಗನ್ನಾಥ ದೇವಾಲಯ ಹಾಗೂ ಬುಡಕಟ್ಟು ವಸ್ತುಸಂಗ್ರಹಾಲಯ ಇಲ್ಲಿವೆ.