ಅನುಭಾವ: ಯುರೋಪು, ಜಪಾನು ಮತ್ತು ಶರಣರು

ಅನುಭಾವವನ್ನು ತತ್ತ್ವಶಾಸ್ತ್ರದ ವಿಷಯವನ್ನಾಗಿ ಎತ್ತಿಕೊಂಡ ಕನ್ನಡ ನಾಡಿನ ವಿದ್ವಾಂಸರಲ್ಲಿ ಜಮಖಂಡಿಯಲ್ಲಿ ಜನಿಸಿದ ಗುರುದೇವ ರಾನಡೆಯವರು (1886–1957) ಅಗ್ರಗಣ್ಯರು. ಕನ್ನಡ ಸಾಹಿತ್ಯದಲ್ಲಿನ ಪರಮಾರ್ಥಪಥವನ್ನು ಕುರಿತು 1960ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದಲ್ಲಿ ಶರಣರೂ ಹರಿದಾಸರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಆ ಪಂಕ್ತಿಯನ್ನು ಇನ್ನೂ ಹಿಗ್ಗಿಸಿ ನೋಡಿದರೆ ಶರಣರ ವಿಶೇಷವೇನೆಂಬುದು ಸ್ಪಷ್ಟವಾಗುತ್ತದೆ.

ಜರ್ಮನಿಯ ರುಡಾಲ್ಫ್ ಒಟ್ಟೊ 1917ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಪವಿತ್ರವಾದುದು ಮನುಷ್ಯನಿಗಿಂತ ತೀರ ಭಿನ್ನವಾದುದು. ಭಯವನ್ನೂ ಸೆಳೆತವನ್ನೂ ಒಮ್ಮೆಗೇ ಹುಟ್ಟಿಸುವ ರಹಸ್ಯ. ಇಲ್ಲಿ ಭಕ್ತನಿಗೂ ದೈವಕ್ಕೂ ನಡುವಣ ಅಂತರ ಉಳಿಯುತ್ತದೆ. ಆ ಅಂತರವನ್ನು ದಾಟಿ ನುಡಿದವರು ಯುರೋಪಿನಲ್ಲಿ ಇರಲಿಲ್ಲವೆಂದಲ್ಲ. ಆತ್ಮದ ತಳವೂ ದೇವರ ತಳವೂ ಒಂದೇ ಎಂದು ಬೋಧಿಸಿದ ಎಕ್‌ಹಾರ್ಟನ 28 ಮಾತುಗಳನ್ನು, ಅವನು ತೀರಿಕೊಂಡ ಮೇಲೆ, 1329ರಲ್ಲಿ ಪೋಪರು ಖಂಡಿಸಿದರು.

ಜಪಾನಿನ ನಿಶಿದಾ ಕಿತಾರೊ (1870–1945) ಸ್ವತಃ ಝೆನ್ ಸಾಧಕರು. 1911ರ ತಮ್ಮ ಮೊದಲ ಗ್ರಂಥದಲ್ಲಿ ಅವರು ಹೊರಟದ್ದು ಅಂತರದಿಂದಲ್ಲ, ಅಂತರ ಹುಟ್ಟುವುದಕ್ಕೆ ಮುಂಚಿನ ಕ್ಷಣದಿಂದ. ಬಣ್ಣವನ್ನು ಕಂಡೊಡನೆ, ನಾದವನ್ನು ಕೇಳಿದೊಡನೆ, ನಾನು ಕಂಡೆ, ನಾನು ಕೇಳಿದೆ ಎಂಬ ಎಣಿಕೆ ಮೂಡುವ ಮೊದಲಿನದೇ ಶುದ್ಧಾನುಭವ. ಮುಂದೆ ಅವರ ವಿಚಾರವು ಪರಮಶೂನ್ಯದತ್ತ ಸಾಗಿತು.

ಶೂನ್ಯವೆಂಬ ಮಾತು ನಮಗೂ ಪರಿಚಿತವೇ. ಆದರೆ ಹೆಸರು ಒಂದಾದ ಮಾತ್ರಕ್ಕೆ ಹುರುಳು ಒಂದೇ ಎನ್ನುವುದು ಅವಸರದ ತೀರ್ಮಾನವಾದೀತು. ಶರಣರ ಶೂನ್ಯವು ಷಟ್‌ಸ್ಥಲಗಳ ಸಾಧನೆಯಿಂದ ಐಕ್ಯದಲ್ಲಿ ಫಲಿಸುವ ಲಿಂಗಾಂಗ ಸಾಮರಸ್ಯ. ಅದು ಬರಿದಲ್ಲ, ತುಂಬಿದ ಬಯಲು. ನಿಶಿದಾರಿಗೆ ಆರಂಭವಾದ ಅಭೇದವು ಶರಣರಿಗೆ ಇಷ್ಟಲಿಂಗ, ಕಾಯಕ, ದಾಸೋಹಗಳ ದಾರಿಯ ಕೊನೆ.

ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದುಂಟು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯಾಗಿ ಹವಣಿಸಿದನು. ಅದರಲ್ಲಿ ಅನುಭಾವವು ಏಕಾಂತದ ಗುಟ್ಟಲ್ಲ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಸತ್ಕಾರ್ಯದ ಅಭಿಮಾನವನ್ನೂ ಅಕ್ಕಮಹಾದೇವಿಯ ವೈರಾಗ್ಯವನ್ನೂ ಅಲ್ಲಮಪ್ರಭು ಎಲ್ಲರೆದುರು ಒರೆಗೆ ಹಚ್ಚುತ್ತಾನೆ. ಉತ್ತರ ಕೊಟ್ಟವರೇ ಅನುಭಾವಿಗಳೆನಿಸುತ್ತಾರೆ.

ನನಗೆ ಕಂಡಿತು, ಇನ್ನು ಕೇಳಬೇಡಿ ಎನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪ್ರಶ್ನೆಗೆ ಅಂಜದ ಅನುಭಾವವೇ ಅನುಭಾವವೆಂಬುದು ಶರಣರು ಲೋಕದ ತತ್ತ್ವಚಿಂತನೆಗೆ ಸಲ್ಲಿಸಿದ ಕಾಣಿಕೆ. ಅದನ್ನು ಮೊದಲು ನಾವು ಉಳಿಸಿಕೊಳ್ಳಬೇಕು.